ಕೊಳ್ಳುವವನ ಅಚೌರ್ಯವ್ರತ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯದ ಮಾತು ಪ್ರವಚನದಲ್ಲಿ ಬಂದಾಗ ಕೇಳುವವರು ಸಾಮಾನ್ಯವಾಗಿ ನಿಶ್ಚಿಂತರಾಗಿಯೇ ಇರುತ್ತಾರೆ. ಪರರ ಮನೆಗೆ ಕನ್ನವಿಕ್ಕಿದವರಾಗಲಿ ದಾರಿಯಲ್ಲಿ ಬಿದ್ದ ಗಂಟನ್ನು ಬಚ್ಚಿಟ್ಟವರಾಗಲಿ ಆ ಸಭೆಯಲ್ಲಿ ಇರುವ ಸಂಭವ ಕಡಿಮೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತಕ್ಕೆ ಎಣಿಸಿರುವ ಅತಿಚಾರಗಳನ್ನು ಒಮ್ಮೆ ನಿಧಾನವಾಗಿ ಓದಿದರೆ ಈ ನಿಶ್ಚಿಂತೆ ಉಳಿಯುವುದಿಲ್ಲ. ಕಳ್ಳನನ್ನು ಪ್ರೇರಿಸುವ ಸ್ತೇನಪ್ರಯೋಗ, ಅವನು ತಂದದ್ದನ್ನು ಕೊಳ್ಳುವ ತದಾಹೃತಾದಾನ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ, ನಕಲಿಯನ್ನು ಅಸಲಿಯೆಂದು ನಡೆಸುವ ಪ್ರತಿರೂಪಕವ್ಯವಹಾರ ಎಂಬ ಈ ಐದೂ ಕನ್ನಗಳ್ಳನಿಗಾಗಿ ಹೇಳಿದ ಮಾತುಗಳಲ್ಲ. ಇವು ಅಂಗಡಿಯಲ್ಲಿ ಕುಳಿತವನಿಗಾಗಿ ಹೇಳಿದವು. ಅವುಗಳಲ್ಲಿ ಎರಡನೆಯದಂತೂ ಮಾರುವವನಿಗಿಂತ ಹೆಚ್ಚಾಗಿ ಕೊಳ್ಳುವವನಿಗೆ ಸಂಬಂಧಿಸಿದ್ದು.

ಕದ್ದವನು ಬೇರೊಬ್ಬ, ಹಣ ತೆತ್ತು ಕೊಂಡವನು ಮತ್ತೊಬ್ಬ. ಆದರೂ ಕೊಂಡವನ ವ್ರತಕ್ಕೆ ಮಾಲಿನ್ಯ ತಗಲುತ್ತದೆಂದು ಆಚಾರ್ಯರು ಹೇಳಿದರು. ಸಮಂತಭದ್ರ ಆಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ದೋಷವನ್ನು ಚೌರಾರ್ಥಾದಾನವೆಂದು ಹೆಸರಿಸಿದ್ದಾರೆ. ಹೀಗಿರಲಾಗಿ, ದಿನನಿತ್ಯ ಮನೆಗೆ ತರುವ ಅಕ್ಕಿ, ಬಟ್ಟೆ, ಚಹಾ, ಕಬ್ಬಿಣಗಳನ್ನು ಬೆಳೆದ ಅಥವಾ ಮಾಡಿದ ಕೈಗಳಿಗೆ ತಕ್ಕ ಪ್ರತಿಫಲ ದೊರೆಯದೆ ಹೋಗಿದ್ದರೆ, ಆ ವಸ್ತುವನ್ನು ಅಂಗಡಿಯ ಬೆಲೆ ತೆತ್ತು ತಂದ ಗೃಹಸ್ಥನು ತದಾಹೃತಾದಾನಕ್ಕೆ ಗುರಿಯಾಗುತ್ತಾನೆಯೆ? ನ್ಯಾಯವಾಗಿ ಸಿದ್ಧವಾದ ವಸ್ತುವನ್ನೇ ಕೊಳ್ಳುತ್ತೇನೆಂದು ಅವನು ನಿಯಮ ಮಾಡಿಕೊಂಡರೆ ಅದು ನಡೆಯುವ ನಿಯಮವೆ? ಈ ಎರಡು ಪ್ರಶ್ನೆಗಳು ಇಲ್ಲಿಯ ವಿಚಾರ.

ವಸ್ತುವಿನ ಮೂಲವನ್ನು ವಿಚಾರಿಸಿ ಕೊಳ್ಳುವುದು ಜೈನ ಮನೆಗೆ ಹೊಸ ಅಭ್ಯಾಸವೇನೂ ಅಲ್ಲ. ನೀರನ್ನು ಸೋಸದೆ ಕುಡಿಯುವುದಿಲ್ಲ, ಕಂದಮೂಲಗಳನ್ನು ಬಿಟ್ಟವರುಂಟು, ಜೇನು ವರ್ಜ್ಯ, ಔಷಧದ ಗುಳಿಗೆಯ ಕವಚ ಯಾವುದರಿಂದ ಮಾಡಿದ್ದೆಂದು ಕೇಳಿ ತೆಗೆದುಕೊಳ್ಳುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕಲು ಜೈನರ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಹಸಿರು ಚುಕ್ಕೆ ಒಳಗಿರುವ ಪದಾರ್ಥ ಸಸ್ಯಾಹಾರವೆಂದು ಮಾತ್ರ ಹೇಳುತ್ತದೆ. ಅದನ್ನು ತಯಾರಿಸಿದವನು ಹೊಟ್ಟೆ ತುಂಬ ಉಂಡನೆ, ಅವನ ಮಗು ಶಾಲೆಗೆ ಹೋಯಿತೆ ಎಂಬುದನ್ನು ಹೇಳುವ ಚುಕ್ಕೆ ಅದರ ಮೇಲಿಲ್ಲ. ಏಕೇಂದ್ರಿಯ ಜೀವದ ವಿಷಯದಲ್ಲಿ ಇಷ್ಟು ಎಚ್ಚರವಿರುವ ಮನೆ, ಪಂಚೇಂದ್ರಿಯ ಸಂಜ್ಞೀ ಜೀವನಾದ ಮನುಷ್ಯನ ವಿಷಯದಲ್ಲಿ ಏಕೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ? ಜೈನ ವ್ಯಾಪಾರಿಗಳು ನೀರನ್ನು ಮಾತ್ರ ಸೋಸುತ್ತಾರೆಂಬ ಲೋಕದ ಕಟುವಾದ ಆಕ್ಷೇಪ ಹಳೆಯದು. ಅದನ್ನು ದ್ವೇಷದ ಮಾತೆಂದು ತಳ್ಳಿಹಾಕುವುದಕ್ಕಿಂತ ವಿಚಾರಕ್ಕೆ ತೆಗೆದುಕೊಳ್ಳುವುದೇ ಲೇಸು.

ಪಾಶ್ಚಾತ್ಯರು ಈ ಪ್ರಶ್ನೆಯನ್ನು ತಮ್ಮ ದಾರಿಯಲ್ಲಿ ಕೇಳಿಕೊಂಡಿದ್ದಾರೆ. 1791ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಒಪ್ಪದೆ ಹೋದಾಗ, ಅಲ್ಲಿಯ ಲಕ್ಷಾಂತರ ಜನ ಸಾಮಾನ್ಯರು ವೆಸ್ಟ್ ಇಂಡೀಸಿನ ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಬಿಟ್ಟರು. ಸಕ್ಕರೆ ತಿನ್ನುವವನೂ ಆ ಪಾಪದ ಪಾಲುಗಾರನೆಂಬುದು ಅವರ ವಾದ. ಕೃತ, ಕಾರಿತ, ಅನುಮೋದನೆ ಎಂಬ ಮೂರು ವಿಧದಿಂದಲೂ ಕರ್ಮಬಂಧವುಂಟಾಗುವುದೆಂದು ತಿಳಿದವರಿಗೆ ಈ ವಾದ ಅಪರಿಚಿತವೆನಿಸದು. ಅನಂತರ 1988ರಲ್ಲಿ ಹಾಲೆಂಡಿನಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ ಒಂದು ಮುದ್ರೆಯನ್ನೊತ್ತಿ ಮಾರುವ ಕ್ರಮ ಮೊದಲಾಯಿತು. ಪೇಟೆಯ ಧಾರಣೆ ಎಷ್ಟೇ ಕುಸಿದರೂ ಬೆಳೆಗಾರನಿಗೆ ಗೊತ್ತಾದ ಕನಿಷ್ಠ ಬೆಲೆ ಸಲ್ಲಬೇಕು, ಅದರ ಮೇಲೆ ಊರಿನ ಶಾಲೆ, ಬಾವಿ ಮುಂತಾದವುಗಳಿಗಾಗಿ ಇಷ್ಟು ಹಣ ಸೇರಬೇಕು ಎಂಬುದು ಆ ಮುದ್ರೆಯ ಅರ್ಥ. ಫೇರ್ ಟ್ರೇಡ್ ಎಂದು ಇಂದು ಹೆಸರಾಗಿರುವ ನ್ಯಾಯೋಚಿತ ವ್ಯಾಪಾರದ ಮುದ್ರೆಗಳು ಬೆಳೆದದ್ದು ಹೀಗೆ. ಇದು ಒಳ್ಳೆಯ ಕೆಲಸವೇ. ಆದರೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಈ ಮುದ್ರೆ ಹಳ್ಳಿಯ ಸಂತೆಗೆ ಬಂದಿಲ್ಲ. ಆದ್ದರಿಂದ ಮುದ್ರೆಯಿಲ್ಲದ ಊರಿನಲ್ಲಿ ಈ ನಿಯಮ ಹೇಗೆ ನಡೆಯುವುದೆಂದು ನೋಡುವುದು ಅವಶ್ಯ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯಂಥ ಒಂದು ಊರನ್ನು ತೆಗೆದುಕೊಳ್ಳಬಹುದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾದ ಮೇಲೆ ಕಾಲುವೆಯ ನೀರು ಕಂಡು ಬತ್ತದ ಗದ್ದೆಯಾದ ಸೀಮೆ ಇದು. ಸಿರುಗುಪ್ಪ, ಕುರುಗೋಡು ಕಡೆಯ ಕಪ್ಪು ನೆಲದಲ್ಲಿ ಹತ್ತಿ, ಮೆಣಸಿನಕಾಯಿಗಳೂ ಬೆಳೆಯುತ್ತವೆ. ಇಂಥ ಊರಿನಲ್ಲಿ ಒಂದು ಕಿರಾಣಿ ಅಂಗಡಿಯನ್ನಿಟ್ಟುಕೊಂಡು, ಸುಗ್ಗಿಯಲ್ಲಿ ಸ್ವಲ್ಪ ಬತ್ತ, ಸ್ವಲ್ಪ ಮೆಣಸಿನಕಾಯಿ ಹಿಡಿದು ಮಾರುವ ಒಬ್ಬ ಶ್ರಾವಕನಿದ್ದಾನೆಂದು ಊಹಿಸಬೇಕು. ಚಾತುರ್ಮಾಸ್ಯದ ಆರಂಭದಲ್ಲಿ, ಆಷಾಢದಿಂದ ದೀಪಾವಳಿಯವರೆಗೆ ಅನ್ಯಾಯದ ಸೋಂಕಿಲ್ಲದ ವಸ್ತುವನ್ನೇ ಮನೆಗೆ ತರುವುದಾಗಿ ಅವನು ನಿಯಮ ಹಿಡಿದನೆಂದಿಟ್ಟುಕೊಳ್ಳಬೇಕು. ಮೊದಲ ದಿನವೇ ಅವನು ಕಾಗದ ಪೆನ್ನು ಹಿಡಿದು ಮನೆಯ ಸಾಮಾನಿನ ಪಟ್ಟಿ ಬರೆಯಲು ಕೂಡುತ್ತಾನೆ.

ಅಕ್ಕಿ ಊರಿನದೇ. ಬೆಳೆದವನ ಹೆಸರು ಗೊತ್ತು, ಗಿರಣಿ ಗೊತ್ತು. ಆದರೆ ನಾಟಿ ಹಾಕಿದ ಹೆಣ್ಣುಮಕ್ಕಳಿಗೆ ಕೂಲಿ ಎಂದು ಸಂದಿತು, ಚೀಲ ಹೊತ್ತ ಹಮಾಲನಿಗೆ ಎಷ್ಟು ಸಂದಿತು ಎಂಬುದನ್ನು ಅವನು ಎಂದೂ ಕೇಳಿದವನಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತಿ ಬೆಳೆದ ಬತ್ತವಾದರೆ, ಕೊನೆಭಾಗದ ರೈತನ ಪಾಲಿನ ನೀರೂ ಆ ಅನ್ನದಲ್ಲಿ ಅಡಗಿದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಕಿಲೋಗೆ ಇಷ್ಟೆಂದು ಕೂಲಿ. ಘಾಟಿಗೆ ಕೆಮ್ಮು, ಸಂಜೆಗೆ ಬೆರಳುಗಳೆಲ್ಲ ಉರಿ. ಮಗನ ಜೀನ್ಸ್ ಪ್ಯಾಂಟು ಬಳ್ಳಾರಿಯಲ್ಲೇ ಹೊಲಿದದ್ದು. ಹೊಲಿದವರಿಗೆ ತುಂಡಿನ ಲೆಕ್ಕದಲ್ಲಿ ಕೂಲಿ, ಬಣ್ಣ ತೊಳೆದ ನೀರು ಹರಿದದ್ದು ಯಾವ ಹಳ್ಳಕ್ಕೋ. ಚಹಾಪುಡಿ ಅಸ್ಸಾಮಿನದೋ ನೀಲಗಿರಿಯದೋ ಪೊಟ್ಟಣ ಹೇಳುವುದಿಲ್ಲ. ಕಿಸೆಯಲ್ಲಿಯ ಮೊಬೈಲಿನ ಬ್ಯಾಟರಿಗೆ ಬೇಕಾದ ಕೋಬಾಲ್ಟು ಹೆಚ್ಚಾಗಿ ಬರುವುದು ಆಫ್ರಿಕದ ಕಾಂಗೋ ದೇಶದಿಂದ, ಮತ್ತು ಅಲ್ಲಿಯ ಕೆಲವು ಗುಂಡಿಗಳಲ್ಲಿ ಮಕ್ಕಳು ದುಡಿದದ್ದನ್ನು ಲೋಕವೆಲ್ಲ ಬಲ್ಲದು.

ಹತ್ತಿಯ ಕಥೆ ಇನ್ನೂ ಸೂಕ್ಷ್ಮವಾದದ್ದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರತಳಿಯನ್ನು ಸಿದ್ಧಪಡಿಸಿದ್ದು ಕೃಷಿವಿಜ್ಞಾನದಲ್ಲಿ ಕನ್ನಡನಾಡಿಗೆ ಕೀರ್ತಿ ತಂದ ಸಂಗತಿ. ಆದರೆ ಸಂಕರ ಹತ್ತಿಯ ಬೀಜ ತಯಾರಾಗಬೇಕಾದರೆ ಒಂದೊಂದು ಹೂವಿನ ಮೊಗ್ಗನ್ನೂ ಸಂಜೆ ಕೈಯಿಂದ ಬಿಡಿಸಿ ಕೇಸರಗಳನ್ನು ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಸವರಬೇಕು. ಈ ಕೆಲಸಕ್ಕೆ ಸಣ್ಣ ಬೆರಳು ಅನುಕೂಲವೆಂದು, ಅದಕ್ಕಿಂತ ಹೆಚ್ಚಾಗಿ ಸಣ್ಣ ಕೂಲಿ ಅನುಕೂಲವೆಂದು, ಕರ್ನಾಟಕ ಮತ್ತು ಆಂಧ್ರದ ಬೀಜೋತ್ಪಾದನೆಯ ಹೊಲಗಳಲ್ಲಿ ಬಾಲಕಿಯರನ್ನು ಹಚ್ಚಿದ್ದು ಹಲವು ಅಧ್ಯಯನಗಳಿಂದ ಬೆಳಕಿಗೆ ಬಂತು. 2016ರ ತಿದ್ದುಪಡಿಯ ಮೇಲೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ಕೂಲಿಗಿಡುವುದು ಅಪರಾಧ. ಮನೆಯವರಿಗೆ ನೆರವಾಗುವುದಕ್ಕೆ ಅವಕಾಶ ಉಳಿದಿದೆ. ಕೂಲಿಯ ಮಗುವನ್ನು ಮನೆಯ ಮಗುವೆಂದು ಹೇಳುವುದು ಕಷ್ಟವಲ್ಲವೆಂಬುದೂ ಎಲ್ಲರಿಗೆ ಗೊತ್ತು. ಬಸದಿಗೆ ಉಟ್ಟುಕೊಂಡು ಹೋಗುವ ಶುಭ್ರವಾದ ಹತ್ತಿಯ ಧೋತರದ ಎಳೆ ಅಂಥ ಹೊಲದವರೆಗೆ ಹೋಗುವುದೋ ಇಲ್ಲವೋ, ಉಟ್ಟವನಿಗೆ ಹೇಗೆ ತಿಳಿಯಬೇಕು?

ಸಂಜೆಗೆ ಪಟ್ಟಿ ಮೂರು ಭಾಗವಾಗುತ್ತದೆ: ಬಲ್ಲದ್ದು, ವಿಚಾರಿಸಿದರೆ ತಿಳಿಯಬಹುದಾದದ್ದು, ಎಷ್ಟು ವಿಚಾರಿಸಿದರೂ ತಿಳಿಯದ್ದು. ಮೂರನೆಯ ಭಾಗವೇ ಉದ್ದವಾಗಿರುವುದನ್ನು ಕಂಡು, ಗೃಹಸ್ಥನಿಗೆ ಇದು ಆಗದ ಕೆಲಸವೆಂದು ಅವನು ಕಾಗದವನ್ನು ಮಡಿಸಿಡುವುದು ಸಹಜ. ಬಹುಮಂದಿ ಈ ವಿಚಾರವನ್ನು ಮುಗಿಸುವುದೂ ಅಲ್ಲಿಯೇ. ಆದರೆ ಕಾಂಗೋದ ಗಣಿ ದೂರವಿದೆಯೆಂಬ ಕಾರಣಕ್ಕೆ ಮನೆಯ ಮುಂದಿನ ಹಮಾಲನ ಕೂಲಿಯೂ ದೂರವಾಗುವುದಿಲ್ಲ. ಮೊದಲನೆಯ ಭಾಗ ಚಿಕ್ಕದಾದರೂ ಅಲ್ಲಿ ಬೆಲೆ ಕಟ್ಟುವ ಕೈ ಸ್ವಂತದ್ದು. ಮನುಷ್ಯನು ನೋಡಲು ಅತ್ಯಂತ ಹಿಂಜರಿಯುವುದೂ ಆ ಭಾಗವನ್ನೇ.

ಇಲ್ಲಿ ಒಂದು ಮೂಲಭೂತವಾದ ಆಕ್ಷೇಪವನ್ನು ಎದುರಿಸಬೇಕು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯ; ಅದತ್ತಾದಾನವೆಂದೇ ಅದರ ಲಕ್ಷಣ. ರೈತನು ತಾನಾಗಿ ಮಾರಿದ್ದಾನೆ, ಕೂಲಿಯವನು ತಾನಾಗಿ ದುಡಿದಿದ್ದಾನೆ, ಒಪ್ಪಿದ ದರವನ್ನು ಎಣಿಸಿಕೊಂಡು ಹೋಗಿದ್ದಾನೆ. ಕೊಟ್ಟದ್ದನ್ನು ತೆಗೆದುಕೊಂಡ ಮೇಲೆ ಚೌರ್ಯವೆಲ್ಲಿಂದ ಬಂತು? ವ್ಯಾಪಾರಧರ್ಮದ ದೃಷ್ಟಿಯಿಂದ ಇದು ಗಟ್ಟಿಯಾದ ಮಾತು. ಒಪ್ಪಂದವನ್ನು ನಂಬದೆ ಯಾವ ಪೇಟೆಯೂ ಒಂದು ದಿನ ನಡೆಯಲಾರದು.

ಆದರೆ ಕೊಟ್ಟದ್ದೆಲ್ಲವೂ ದತ್ತವಲ್ಲವೆಂಬುದನ್ನು ಮುನಿಧರ್ಮದ ಆಹಾರವಿಧಿಯೇ ತಿಳಿಸುತ್ತದೆ. ಮೂಲಾಚಾರದಲ್ಲಿ ಹೇಳಿದ ಉದ್ಗಮದೋಷಗಳಲ್ಲಿ ಅಚ್ಛೇದ್ಯವೆಂಬುದೊಂದಿದೆ. ಬಲವುಳ್ಳವರ ಭಯದಿಂದ, ಒತ್ತಡದಿಂದ ಕೊಟ್ಟ ಆಹಾರ ಅದು. ಅನಿಸೃಷ್ಟವೆಂಬುದು ಮತ್ತೊಂದು, ಒಡೆಯನ ನಿಜವಾದ ಸಮ್ಮತಿಯಿಲ್ಲದೆ ಬಂದದ್ದು. ಕೈಯೆತ್ತಿ ಕೊಟ್ಟರೂ, ಬಾಯಲ್ಲಿ ಒಪ್ಪಿದರೂ, ಕೊಟ್ಟವನ ಮನಸ್ಸು ಸ್ವತಂತ್ರವಾಗಿರದಿದ್ದರೆ ಮುನಿಗಳು ಆ ತುತ್ತನ್ನು ಮುಟ್ಟುವುದಿಲ್ಲ. ಗೃಹಸ್ಥನಿಗೆ ಈ ನಿಯಮ ಅಕ್ಷರಶಃ ಅನ್ವಯಿಸದೆ ಇರಬಹುದು. ಆದರೆ ಕೊಡುವವನ ಅಂತರಂಗದ ಸ್ವಾತಂತ್ರ್ಯವನ್ನು ನೋಡಿ ದತ್ತ ಅದತ್ತಗಳನ್ನು ನಿರ್ಣಯಿಸಬೇಕೆಂಬ ತತ್ತ್ವ ಅಣುವ್ರತಕ್ಕೂ ಮಹಾವ್ರತಕ್ಕೂ ಒಂದೇ. ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ.

ದೇಶದ ನ್ಯಾಯಪೀಠವೂ ಬೇರೆ ದಾರಿಯಿಂದ ಇದೇ ನಿಲುವಿಗೆ ಬಂದಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಚಾಟಿಯಿಂದ ಹೊಡೆದರೆ ಮಾತ್ರ ಬಲವಂತವಲ್ಲ. ಹಸಿವು ಬೇರೆ ದಾರಿಯನ್ನುಳಿಸದೆ ದೂಡಿದರೆ ಅದೂ ಬಲವಂತವೆಂಬುದು ಅದರ ಸಾರ. ಇದಾದ ಮೇಲೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವ ವ್ಯಾಪಾರಿ ವಿರುದ್ಧರಾಜ್ಯಾತಿಕ್ರಮಕ್ಕೂ ಅದತ್ತಾದಾನಕ್ಕೂ ಒಟ್ಟಿಗೆ ಗುರಿಯಾಗುತ್ತಾನೆ. ಕೂಲಿಯವನು ಒಪ್ಪಿದನೆಂಬ ಸಮಾಧಾನ ಅವನಿಗೆ ಉಳಿಯುವುದಿಲ್ಲ.

ಕೂಲಿಗೆ ಕನಿಷ್ಠ ವೇತನದ ಗೆರೆಯಾದರೂ ಇದೆ. ಬೆಳೆಯ ಬೆಲೆಗೆ ಎಲ್ಲೆಡೆ ಅಂಥ ಗೆರೆಯಿಲ್ಲ. ಬತ್ತಕ್ಕೆ ಸರ್ಕಾರ ಬೆಂಬಲ ಬೆಲೆಯನ್ನು ಸಾರುತ್ತದೆ. 2025–26ಕ್ಕೆ ಸಾಮಾನ್ಯ ಬತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ. ಮೆಣಸಿನಕಾಯಿಗೆ ಅಂಥ ಆಸರೆಯಿಲ್ಲ. ಬಳ್ಳಾರಿ ಸೀಮೆಯ ಮೆಣಸಿನಕಾಯಿಯೂ ಹೋಗುವ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚ್ 11ರಂದು ಧಾರಣೆ ಒಮ್ಮೆಲೇ ಕುಸಿದಾಗ ರೈತರು ರೊಚ್ಚಿಗೆದ್ದು ಮಾರುಕಟ್ಟೆ ಸಮಿತಿಯ ಕಚೇರಿಗೆ, ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯನ್ನು ಯಾವ ಜೈನನೂ ಸಮರ್ಥಿಸಲಾರನು. ಆದರೆ ಆ ದಿನ ಟೆಂಡರಿನಲ್ಲಿ ನಮೂದಾದ ಬೆಲೆಗೆ ಚೀಲ ಕೊಟ್ಟು ಹೋದ ರೈತನು ಅದನ್ನು ಕೊಟ್ಟನೋ, ಕಳೆದುಕೊಂಡನೋ ಎಂಬುದನ್ನು ಶ್ರಾವಕನು ಕೇಳಿಕೊಳ್ಳಬೇಕು. ಬಾಡಿಗೆ ಗಾಡಿ ಕಾದು ನಿಂತಿದೆ, ಬೀಜ, ಗೊಬ್ಬರ, ಔಷಧಕ್ಕೆ ಮುಂಗಡ ಕೊಟ್ಟ ದಲಾಲಿಯ ಬಾಕಿ ಇದೆ, ಮಳೆಯ ಮೋಡವಿದೆ. ಅವನು ಚೀಲವನ್ನು ವಾಪಸು ಒಯ್ಯಲಾರನೆಂದು ಕೊಳ್ಳುವವನಿಗೆ ಗೊತ್ತು. ಇನ್ನೊಬ್ಬನ ಅಸಹಾಯಕತೆಯನ್ನು ಅರಿತು, ಅದೇ ಕಾರಣಕ್ಕೆ ದರವನ್ನು ಇನ್ನೂ ಇಳಿಸುವಲ್ಲಿ ದೋಷವಿದೆ. ಪೇಟೆಯ ಏರಿಳಿತಕ್ಕೆ ಒಬ್ಬ ವ್ಯಾಪಾರಿ ಹೊಣೆಯಲ್ಲ; ಆ ಇಳಿತದ ಮೇಲೆ ತಾನು ಒತ್ತಿದ ತೂಕಕ್ಕೆ ಅವನೇ ಹೊಣೆ.

ಲೆಕ್ಕಶಾಸ್ತ್ರವನ್ನು ಓದಿದವರಿಗೆ ಇದು ಬೇಗ ಮನವರಿಕೆಯಾಗಬೇಕು. ದ್ವಿನಮೂದು ಪದ್ಧತಿಯಲ್ಲಿ ಒಂದು ಕಡೆ ಜಮೆಯಾದದ್ದು ಇನ್ನೊಂದು ಕಡೆ ಖರ್ಚಾಗಲೇಬೇಕು. ಒಂದು ವಸ್ತು ಅದರ ನಿಜವಾದ ಖರ್ಚಿಗಿಂತ ಅಗ್ಗವಾಗಿ ಮನೆಗೆ ಬಂದಿದ್ದರೆ ಆ ಉಳಿತಾಯ ಆಕಾಶದಿಂದ ಬಿದ್ದದ್ದಲ್ಲ. ಯಾರದೋ ಊಟದಲ್ಲಿ, ಯಾರದೋ ನಿದ್ರೆಯಲ್ಲಿ, ಯಾವುದೋ ಹಳ್ಳದ ನೀರಿನಲ್ಲಿ ಅದು ಖರ್ಚು ಬಿದ್ದಿದೆ. ಆ ವಹಿ ಅಂಗಡಿಯಲ್ಲಿ ಕಾಣುವುದಿಲ್ಲವೆಂದ ಮಾತ್ರಕ್ಕೆ ಲೆಕ್ಕ ಸರಿಹೋದಂತಲ್ಲ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಧನವನ್ನು ಮನುಷ್ಯನ ಬಾಹ್ಯಪ್ರಾಣವೆಂದು ಎಣಿಸಿ, ಅದನ್ನು ಅಪಹರಿಸುವುದು ಹಿಂಸೆಯೇ ಎಂದು ತಿಳಿಸಿದ್ದಾರೆ. ಬೆವರಿನ ಹಣವನ್ನು ಉಳಿಸಿಕೊಂಡವನು ಒಂದು ಪ್ರಾಣದ ಪಾಲನ್ನೇ ಉಳಿಸಿಕೊಂಡಂತಾಯಿತು.

ತದಾಹೃತಾದಾನಕ್ಕೆ ಇನ್ನೂ ನೇರವಾದ ಉದಾಹರಣೆ ಬಳ್ಳಾರಿಯವರಿಗೆ ದೂರವಿಲ್ಲ. ಗಡಿ ಮೀರಿ, ಪರವಾನಗಿ ಮೀರಿ ಅಗೆದ ಅದಿರು ಹಗಲು ರಾತ್ರಿ ಲಾರಿಗಳಲ್ಲಿ ಸಾಗಿದ ಕಾಲವನ್ನು ಈ ಜಿಲ್ಲೆ ಕಂಡಿದೆ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಅದಿರು ಕೂಡ ಹಡಗು ಹತ್ತಿ ಹೋಯಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ವರದಿಯೊಪ್ಪಿಸಿದರು. ಅದೇ ತಿಂಗಳು ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಅತಿ ಹೆಚ್ಚು ಅಕ್ರಮ ಕಂಡ ಗುತ್ತಿಗೆಗಳನ್ನು ರದ್ದುಗೊಳಿಸಿತು. ಅಗೆದವರು ಕೆಲವರು, ಆದರೆ ಕೊಂಡವರು, ಸಾಗಿಸಿದವರು, ಕರಗಿಸಿದವರು, ಲಾರಿ ಬಾಡಿಗೆಯಿಂದ ಮನೆ ಕಟ್ಟಿದವರು ಬಹುಮಂದಿ. ಆ ವರ್ಷಗಳಲ್ಲಿ ಹಾಕಿದ ಎಷ್ಟೋ ಮನೆಗಳ ತಾರಸಿಯ ಸರಳಿನಲ್ಲಿ ಅಂಥ ಅದಿರು ಸೇರಿದ್ದರೆ ಆಶ್ಚರ್ಯವಿಲ್ಲ. ಅದನ್ನು ಅರಿಯದೆ ಸರಳು ತಂದ ಗೃಹಸ್ಥನೂ, ಎಲ್ಲವನ್ನೂ ಅರಿತು ಅಗ್ಗವೆಂದು ಅದಿರು ಕೊಂಡ ವ್ಯಾಪಾರಿಯೂ ಒಂದೇ ತಕ್ಕಡಿಯಲ್ಲಿ ಕೂಡುತ್ತಾರೆಯೆ?

ಇಲ್ಲ. ಪ್ರಮಾದಯೋಗದಿಂದ ಆಗುವ ಪ್ರಾಣಘಾತವನ್ನು ಹಿಂಸೆಯೆಂದು ಆಚಾರ್ಯರು ಲಕ್ಷಣಿಸಿದ್ದಾರೆ. ಎಚ್ಚರದಿಂದ ನೆಲ ನೋಡಿ ನಡೆಯುವವನ ಪಾದದಡಿ ಅರಿಯದೆ ಜೀವ ಹೋದರೆ ಬಂಧವಿಲ್ಲ. ನೋಡದೆ ನಡೆದವನ ಪಾದದಡಿ ಜೀವ ಸಾಯದಿದ್ದರೂ ಬಂಧವುಂಟು. ಕೊಳ್ಳುವವನ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ. ಲೋಕದ ಎಲ್ಲ ವಸ್ತುಗಳ ಜಾತಕವನ್ನು ತಿಳಿಯಬೇಕೆಂದು ವ್ರತ ಕೇಳುವುದಿಲ್ಲ; ಅದು ಕೇವಲಜ್ಞಾನಿಗೆ ಮಾತ್ರ ಸಾಧ್ಯ. ತಿಳಿಯಬಹುದಾದದ್ದನ್ನು ತಿಳಿಯದೆ ಇರುವುದು, ಕೇಳಿದರೆ ಬೆಲೆ ಏರೀತೆಂದು ಕೇಳದೆ ಇರುವುದು ಪ್ರಮಾದ. ಅಗ್ಗ ಏಕೆಂದು ಒಮ್ಮೆ ಸಂಶಯ ಬಂದು, ಆ ಸಂಶಯವನ್ನು ಅದುಮಿ ಚೀಲ ತುಂಬಿಸಿಕೊಂಡವನು ಅರಿಯದವನಲ್ಲ, ಅರಿಯಲೊಲ್ಲದವನು.

ವ್ಯಾಪಾರಿಗಳು ಆಗಾಗ ಆಶ್ರಯಿಸುವ ಇನ್ನೊಂದು ಮರೆಯಿದೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಮಾತ್ರ ಪೂರ್ಣವಾಗಿ ತ್ಯಾಜ್ಯ, ಉದ್ಯೋಗೀ ಹಿಂಸೆ ಅನಿವಾರ್ಯವೆಂದು ಶಾಸ್ತ್ರವೇ ಹೇಳಿದೆಯಲ್ಲ ಎಂಬ ಮಾತು ಅದು. ಉದ್ಯೋಗದಲ್ಲಿ ಅನಿವಾರ್ಯವಾದದ್ದಕ್ಕೆ ವಿನಾಯಿತಿ ಇದೆ, ಲಾಭ ಹೆಚ್ಚಿಸುವುದಕ್ಕಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳು ಸೇರಿವೆ. ಶಕ್ತಿ ಮೀರಿ ಹೊರಿಸುವುದು, ಹೊತ್ತಿಗೆ ಅನ್ನ ನೀರು ದೊರೆಯದಂತೆ ಮಾಡುವುದು ಇವುಗಳ ಅರ್ಥ. ಎತ್ತಿನ ಮೇಲೆ ಹೇರುವ ಭಾರಕ್ಕೆ ಈ ಮಾತನ್ನು ಅನ್ವಯಿಸಿ, ಕ್ವಿಂಟಲಿನ ಚೀಲ ಹೊರುವ ಹಮಾಲನಿಗೆ ಅನ್ವಯಿಸದಿದ್ದರೆ ಅದು ವಿಚಿತ್ರವಾದ ದಯೆ. ಕೂಲಿಯನ್ನು ಇಂದು ಕೊಡದೆ ನಾಳೆ, ನಾಳಿದ್ದು ಎಂದು ತಳ್ಳುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಧಾನ್ಯವನ್ನು ಬೆಲೆ ಏರಲೆಂದು ಕೂಡಿಡುವ ಅತಿಸಂಗ್ರಹವನ್ನು ಸಮಂತಭದ್ರರು ಪರಿಗ್ರಹಪರಿಮಾಣದ ದೋಷಗಳಲ್ಲಿ ಎಣಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಬಡವನ ಪರವಾಗಿ ಬರುವ ಆಕ್ಷೇಪವನ್ನು ಇಷ್ಟು ಸುಲಭವಾಗಿ ಉತ್ತರಿಸಲಾಗದು. ನ್ಯಾಯದ ಬೆಲೆ ಎಂದರೆ ಹೆಚ್ಚಿನ ಬೆಲೆ. ಅದನ್ನು ತೆರಬಲ್ಲವನು ಉಳ್ಳವನು. ಅಂಗಡಿಗೆ ಬರುವ ಕೂಲಿಯ ಹೆಂಗಸಿಗೆ ಅಗ್ಗದ ಅಕ್ಕಿಯೇ ಬೇಕು, ಅಗ್ಗದ ಬಟ್ಟೆಯೇ ಬೇಕು. ಅವಳಿಗೆ ನ್ಯಾಯೋಚಿತ ವ್ಯಾಪಾರದ ಉಪದೇಶ ಮಾಡುವುದು ನಿರ್ದಯೆ. ಜೀನ್ಸ್ ಕೊಳ್ಳುವುದನ್ನೇ ಎಲ್ಲರೂ ಬಿಟ್ಟರೆ ಹೊಲಿಯುವವರ ಒಲೆ ಆರುತ್ತದೆ. ಈ ಮಾತುಗಳು ಸತ್ಯ. ಆದ್ದರಿಂದಲೇ ಈ ನಿಯಮ ಎಲ್ಲರ ಮೇಲೆ ಹೇರುವ ಕಾನೂನಲ್ಲ. ಶಕ್ತಿಯಿದ್ದವನು ತನಗೆ ತಾನು ಹಾಕಿಕೊಳ್ಳುವ ವ್ರತ. ವಸ್ತುವನ್ನು ಬಹಿಷ್ಕರಿಸಿ ಕೈ ತೊಳೆದುಕೊಳ್ಳುವುದೂ ಅದರ ಗುರಿಯಲ್ಲ. ಕೂಲಿಯವಳ ಕೂಲಿ ಹೆಚ್ಚಿದರೆ ಅವಳೂ ಒಂದು ದಿನ ಬೆಲೆಯನ್ನು ಆಯ್ದುಕೊಳ್ಳಬಲ್ಲಳು. ಅಲ್ಲಿಯವರೆಗೆ ಆ ಆಯ್ಕೆ ಇದ್ದವನ ಮೇಲೆಯೇ ಹೊಣೆ.

ನ್ಯಾಯಕ್ಕೆ ನಷ್ಟವನ್ನು ತೆರಬೇಕಾಗುತ್ತದೆಂಬುದನ್ನು ಮುಚ್ಚಿಡಬಾರದು. ಮುಂಬಯಿಯಲ್ಲಿ ರತ್ನವ್ಯಾಪಾರಿಯಾಗಿದ್ದ ಶ್ರೀಮದ್ ರಾಜಚಂದ್ರರ (1867–1901) ವಿಷಯದಲ್ಲಿ ಪ್ರಸಿದ್ಧವಾದ ಒಂದು ವೃತ್ತಾಂತವಿದೆ. ಗೊತ್ತಾದ ಬೆಲೆಗೆ ಒಬ್ಬ ವ್ಯಾಪಾರಿ ಅವರಿಗೆ ರತ್ನಗಳನ್ನು ಒದಗಿಸಲು ಬರೆದುಕೊಟ್ಟಿದ್ದನಂತೆ. ಅಷ್ಟರಲ್ಲಿ ಧಾರಣೆ ವಿಪರೀತವಾಗಿ ಏರಿತು. ಕರಾರಿನಂತೆ ನಡೆದರೆ ಆ ವ್ಯಾಪಾರಿಯ ಮನೆಮಠ ಹೋಗುತ್ತಿತ್ತು. ರಾಜಚಂದ್ರರು ತಾವೇ ಅವನಲ್ಲಿಗೆ ಹೋಗಿ ಕರಾರು ಪತ್ರವನ್ನು ಹರಿದುಹಾಕಿದರೆಂದು ಹೇಳುತ್ತಾರೆ. ಕಾನೂನು ಅವರ ಕಡೆಗಿತ್ತು, ಒಪ್ಪಂದ ಅವರ ಕಡೆಗಿತ್ತು; ಆದರೂ ಆ ಲಾಭ ದತ್ತವಲ್ಲವೆಂದು ಅವರಿಗೆ ಕಂಡಿತು. ಮಹಾತ್ಮಾ ಗಾಂಧಿಯವರು ತಮ್ಮ ಬದುಕಿನ ಮೇಲೆ ಆಳವಾದ ಪ್ರಭಾವ ಬೀರಿದವರೆಂದು ನೆನೆಯುವ ಜೈನ ಗೃಹಸ್ಥ ಇವರೇ.

ಆ ಗಾಂಧಿಯವರೇ 1935ರಲ್ಲಿ ಇದೇ ಪ್ರಶ್ನೆಯನ್ನು ಖಾದಿಯ ಮುಂದೆ ಇಟ್ಟರು. ಖಾದಿಯನ್ನು ಅಗ್ಗ ಮಾಡಬೇಕೆಂಬ ಹಟದಲ್ಲಿ ನೂಲುವ ಹೆಂಗಸರಿಗೆ ದೊರೆಯುತ್ತಿದ್ದ ಕೂಲಿ ಅತ್ಯಲ್ಪವಾಗಿತ್ತು. ಬಡವರಿಗಾಗಿ ಹುಟ್ಟಿದ ಬಟ್ಟೆಯೇ ಬಡವರನ್ನು ಹಿಂಡಬಾರದೆಂದು ಅವರು ಹಿಡಿದ ಪಟ್ಟಿನಿಂದ ಅಖಿಲ ಭಾರತ ಚರಕಾ ಸಂಘ ನೂಲುವವರ ಕೂಲಿಯನ್ನು ಜೀವನಯೋಗ್ಯ ಮಟ್ಟಕ್ಕೆ ಏರಿಸಲು ನಿರ್ಣಯಿಸಿತು. ಖಾದಿಯ ಬೆಲೆ ಏರುವುದೆಂದೂ ಮಾರಾಟ ಕುಗ್ಗಬಹುದೆಂದೂ ಗೊತ್ತಿದ್ದೇ ಮಾಡಿದ ನಿರ್ಣಯವದು. ಹಾಲೆಂಡಿನ ಕಾಫಿಯ ಮುದ್ರೆಗಿಂತ ಅರ್ಧಶತಮಾನದಷ್ಟು ಹಿಂದೆ ಈ ದೇಶದಲ್ಲಿ ಕೊಳ್ಳುವವನ ಮುಂದೆ ಇಟ್ಟ ನ್ಯಾಯದ ಬೆಲೆ ಇದು.

ಕನ್ನಡನಾಡಿನಲ್ಲಿ ಆ ಮಾದರಿ ಇಂದಿಗೂ ಬದುಕಿದೆ, ಕಷ್ಟಪಟ್ಟು ಬದುಕಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆತ ಮೇಲೆ ಕೈನೂಲಿನ ಧ್ವಜ ಅಗ್ಗದ ಧ್ವಜದೊಡನೆ ಪೈಪೋಟಿಗೆ ನಿಲ್ಲಬೇಕಾಯಿತು. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದು ಸಹಜ ಬಣ್ಣ ಹಾಕಿದ ಬಟ್ಟೆಯನ್ನು ದೇಸಿ ಅಂಗಡಿಗಳು ಮಾರುತ್ತವೆ. ಅದನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಕೈಉತ್ಪನ್ನಗಳ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆಯಬೇಕೆಂದು ಸತ್ಯಾಗ್ರಹ ಹೂಡಿದ್ದು ವಾಚಕರಿಗೆ ನೆನಪಿರಬಹುದು. ಇಂಥ ಬಟ್ಟೆಯನ್ನು ವರ್ಷಕ್ಕೆ ಒಂದು ಜೊತೆ ಕೊಳ್ಳುವುದು ಬಹುಮಂದಿ ಶ್ರಾವಕರ ಶಕ್ತಿಗೆ ಮೀರಿದ್ದಲ್ಲ. ಅಗ್ಗದ ಆರು ಅಂಗಿಯ ಬದಲು ನ್ಯಾಯದ ಎರಡು ಅಂಗಿ ಸಾಕೆಂದುಕೊಂಡರೆ ಖರ್ಚು ಹೆಚ್ಚುವುದೂ ಇಲ್ಲ. ಪರಿಗ್ರಹಪರಿಮಾಣವನ್ನು ಮೊದಲು ಪಾಲಿಸಿದವನಿಗೆ ಅಚೌರ್ಯ ಸುಲಭವಾಗುತ್ತದೆ; ಕಡಿಮೆ ಕೊಳ್ಳುವವನು ಮಾತ್ರ ವಿಚಾರಿಸಿ ಕೊಳ್ಳಬಲ್ಲನು.

ಸಿರಿಗೇರಿಯ ಆ ಗೃಹಸ್ಥನು ಮಡಿಸಿಟ್ಟ ಕಾಗದವನ್ನು ಮತ್ತೆ ತೆರೆದನೆಂದು ಭಾವಿಸಬೇಕು. ಈ ಸಲ ಅವನು ಮೂರನೆಯ ಭಾಗವನ್ನು ಪಕ್ಕಕ್ಕಿಟ್ಟು ಮೊದಲನೆಯದರಿಂದ ಆರಂಭಿಸುತ್ತಾನೆ. ಬತ್ತ ತೂಗುವಾಗ ಸೂಟು ಎಂದು ಚೀಲಕ್ಕಿಷ್ಟು ಮುರಿದುಕೊಳ್ಳುವ ರೂಢಿಯನ್ನು ಅವನು ಬಿಡಬೇಕು. ಅದು ಹೀನಾಧಿಕಮಾನೋನ್ಮಾನವೆಂದು ಅವನು ಬಲ್ಲನು. ಬಿಳಿ ಚೀಟಿಯ ವ್ಯವಹಾರವನ್ನು ಬಿಟ್ಟು ರಸೀದಿ ಕೊಡಬೇಕು. ರೈತನ ಹಣವನ್ನು ಹೇಳಿದ ದಿನಕ್ಕೆ ಮುಟ್ಟಿಸಬೇಕು. ಹಮಾಲನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಎಣಿಸಿಕೊಡಬೇಕು. ತನ್ನ ಅನಸ್ತಮಿತ ಭೋಜನದ ನಿಯಮಕ್ಕೆ ಸೂರ್ಯನನ್ನು ನೋಡುವವನಿಗೆ ಇದಕ್ಕಾಗಿ ಬೇರೆ ಗಡಿಯಾರ ಬೇಕಾಗಿಲ್ಲ. ತೊಟ್ಟು ಬಿಡಿಸುವವರ ದರವನ್ನು ನಿಗದಿ ಮಾಡುವ ಮೊದಲು ಒಂದು ದಿನಕ್ಕೆ ಒಬ್ಬಳು ಎಷ್ಟು ಕಿಲೋ ಬಿಡಿಸಬಲ್ಲಳೆಂದು ಕುಳಿತು ನೋಡಬೇಕು. ಆ ದುಡಿಮೆ ಕನಿಷ್ಠ ವೇತನವನ್ನು ಮುಟ್ಟದಿದ್ದರೆ ದರವೇ ತಪ್ಪು. ಮನೆಯ ಬಾಗಿಲಿಗೆ ಸೊಪ್ಪು ತರುವ ಮುದುಕಿಯೊಡನೆ ಎರಡು ರೂಪಾಯಿಗೆ ಚೌಕಾಶಿ ಮಾಡುವ ಚಾತುರ್ಯವನ್ನು ಮನೆಯವರು ಬಿಡಬೇಕು.

ಇವುಗಳಿಂದ ಅವನ ಲಾಭ ಕುಗ್ಗುವುದು ನಿಶ್ಚಯ. ಪಕ್ಕದ ಅಂಗಡಿಯವನು ಸೂಟು ಮುರಿದು ಒಂದು ರೂಪಾಯಿ ಅಗ್ಗವಾಗಿ ಮಾರಬಹುದು. ಕೆಲವು ಗಿರಾಕಿಗಳು ಅತ್ತ ಹೋಗಬಹುದು. ಹೋದವರೆಲ್ಲ ಮರಳಿ ಬರುತ್ತಾರೆ, ಧರ್ಮ ತಾನೇ ಕಾಯುತ್ತದೆ ಎಂಬ ಸಿಹಿಯಾದ ಆಶ್ವಾಸನೆಯನ್ನು ಕೊಡುವುದು ಸರಿಯಲ್ಲ; ಬರದೆಯೂ ಇರಬಹುದು. ವ್ರತ ಬಂಡವಾಳವಲ್ಲ, ಬಡ್ಡಿ ತರುವುದಿಲ್ಲ. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದಾರೆ. ಪೂಜೆ, ದಾನಗಳೆಲ್ಲ ಅದರ ಮೇಲೆ ನಿಲ್ಲತಕ್ಕವು. ಮುರಿದುಕೊಂಡ ಸೂಟಿನ ಹಣದಿಂದ ಬಸದಿಗೆ ಬೆಳ್ಳಿಯ ಪ್ರಭಾವಳಿ ಮಾಡಿಸಿದರೂ ಆ ಬೆಳ್ಳಿ ರೈತನದೇ.

ಮೊದಲ ಭಾಗವನ್ನು ಹೀಗೆ ತಿದ್ದಿಕೊಂಡವನಿಗೆ ಎರಡನೆಯ ಭಾಗದ ಕಡೆಗೆ ಹೆಜ್ಜೆಯಿಡಲು ಅಧಿಕಾರ ಬರುತ್ತದೆ. ಸಗಟು ವ್ಯಾಪಾರಿಯನ್ನು ಅವನು ಕೇಳಬಲ್ಲನು. ಒಬ್ಬನು ಕೇಳಿದರೆ ನಕ್ಕಾರು, ಹತ್ತು ಅಂಗಡಿಯವರು ಕೇಳಿದರೆ ಉತ್ತರ ಹುಡುಕಿಯಾರು. ಮೂರನೆಯ ಭಾಗದ ವಸ್ತುಗಳು ಬಹುಶಃ ಅಲ್ಲಿಯೇ ಉಳಿಯುತ್ತವೆ. ಅವುಗಳ ವಿಷಯದಲ್ಲಿ ಅಣುವ್ರತಿಗೆ ಸಾಧ್ಯವಾದದ್ದು ಎರಡೇ: ಬೇಡವಾದದ್ದನ್ನು ಕೊಳ್ಳದಿರುವುದು, ಕೊಂಡದ್ದನ್ನು ಬೇಗ ಎಸೆಯದಿರುವುದು. ಉಳಿದದ್ದಕ್ಕೆ ಪ್ರತಿದಿನದ ಪ್ರತಿಕ್ರಮಣವಿದೆ. ಅದೂ ಸಹ ಅರಿತ ದೋಷವನ್ನು ಕ್ಷಮಿಸೆಂದು ನಾಳೆ ಮತ್ತೆ ಮಾಡುವ ರಹದಾರಿಯಲ್ಲ.

ದೀಪಾವಳಿಯಂದು, ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ದಿನ, ಜೈನ ವ್ಯಾಪಾರಿ ಹೊಸ ವಹಿಯನ್ನು ತೆರೆದು ಮೊದಲ ಪುಟದಲ್ಲಿ ಶುಭ, ಲಾಭ ಎಂದು ಬರೆಯುತ್ತಾನೆ. ಶುಭವೆಂಬ ಮಾತು ಮೊದಲು ಬರುವುದು ಆಕಸ್ಮಿಕವಾಗಿರಲಾರದು. ನಾಲ್ಕು ತಿಂಗಳ ನಿಯಮ ಆ ದಿನ ಮುಗಿಯುತ್ತದೆ. ಹಳೆಯ ವಹಿಯನ್ನು ಕಟ್ಟಿಡುವ ಮೊದಲು ಅದರಲ್ಲಿ ಬರೆಯದೆ ಉಳಿದ ಬಾಕಿಗಳು ಯಾರಿಗೆ ಸಲ್ಲಬೇಕೆಂದು ಒಮ್ಮೆ ಎಣಿಸಿ, ಹೆಸರು ಗೊತ್ತಿರುವವರಿಗಾದರೂ ಅಂದೇ ತೀರಿಸಿ ಹೊಸ ವಹಿಗೆ ಕೈಯಿಟ್ಟರೆ, ಕೊಳ್ಳುವವನ ಅಚೌರ್ಯವ್ರತ ಅಲ್ಲಿಂದ ಆರಂಭವಾದಂತೆ.